ಮಡಿಲಲ್ಲಿ ಹೊಳೆ ದಾಟಿದ ಕಾಗದಗಳು

ನೀರೇರಿಕೆಯ ನಂತರದ ನಲವತ್ತನೆಯ ವರ್ಷ, ಜೋಳದ ಸುಗ್ಗಿ
(ನಿಮ್ಮ ಲೆಕ್ಕದಲ್ಲಿ 2191)

ತಾಯಿ ಶಶಿಕಲಾ ಅವರಿಗೆ,

ನಾನು ನಿಮ್ಮ ಮರಿಮೊಮ್ಮಗಳ ಮಗಳು, ಚಂಪಾವತಿ. ನನ್ನ ಮಾತು ಒರಟೆನಿಸಿದರೆ ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಿಮ್ಮ ಕಾಗದಗಳಿಂದಲೇ ಕಲಿತವಳು ನಾನು. ನಮ್ಮಲ್ಲಿ ಪತ್ರ ಬರೆಯುವವರಿಲ್ಲ. ಮನೆಯ ‘ಕೇಳುಗೋಡೆ’ಗೆ ಹೇಳಿದರೆ ಮಾತು ತಲುಪುತ್ತದೆ, ಸಂಜೆಗೆ ಅಳಿಸಿಹೋಗುತ್ತದೆ. ಹೀಗಾಗಿ ನೀವೂ ನಿಮ್ಮ ತಂಗಿ ಗಂಗೂಬಾಯಿಯವರೂ ಒಬ್ಬರಿಗೊಬ್ಬರು ಬರೆದ ಪತ್ರಗಳು ಮತ್ತು ನಿಮ್ಮ ದಿನಚರಿಗಳು ನಮಗೆ ದೊಡ್ಡ ಆಸ್ತಿ.

ಅವು ಉಳಿದ ಬಗೆ ಹೇಳುತ್ತೇನೆ. ಮಲಪ್ರಭೆಯ ದಂಡೆಯ ಊರುಗಳೆಲ್ಲ ಮುಳುಗಿದ್ದನ್ನು ನಾವು ನೀರೇರಿಕೆ ಎನ್ನುತ್ತೇವೆ. ನಾನಾಗ ಚಿಕ್ಕವಳು. ನನ್ನವ್ವ ಪಾರ್ವತೆವ್ವ ಕಾಗದಗಳ ಕಬ್ಬಿಣದ ಪೆಟ್ಟಿಗೆ ಹೊತ್ತು ದೋಣಿಯ ಬಳಿ ಬಂದಳು. ಅಂಬಿಗ ಹುಸೇನಸಾಬ ತಡೆದ.

“ಪೆಟ್ಟಿಗಿ ಬ್ಯಾಡವಾ. ಅದರ ಜಾಗಾದಾಗ ಇಬ್ಬರು ಕೂಡತಾರ.”

ಅವ್ವ ವಾದಿಸಲಿಲ್ಲ. ಪೆಟ್ಟಿಗೆ ತೆರೆದು, ದೋಣಿಯಲ್ಲಿದ್ದ ಒಬ್ಬೊಬ್ಬರ ಮಡಿಲಿಗೂ ಒಂದಿಷ್ಟು ಕಾಗದ ಹಾಕಿದಳು.

“ಏನದಾವ ಇದರಾಗ?” ಎಂದಳು ಒಬ್ಬ ಮುದುಕಿ.

“ನಮ್ಮ ಮನಿ ಮಂದಿ ಮಾತು. ದಂಡಿಗೆ ಹತ್ತಿದ ಮ್ಯಾಲೆ ಕೊಡ್ರಿ.”

ಖಾಲಿ ಪೆಟ್ಟಿಗೆ ನೀರಿನ ಪಾಲಾಯಿತು. ಆಸರೆ ಶಿಬಿರದಲ್ಲಿ ಕಾಗದಗಳನ್ನು ಒಣಹಾಕುವಾಗ ಹೊತ್ತು ತಂದವರೆಲ್ಲ ಓದತೊಡಗಿದರು. ಓದು ಬಾರದವರು ಓದಿಸಿಕೊಂಡರು. ಆ ಮುದುಕಿ ಹಾಳೆಗಳನ್ನು ಹಿಂದಿರುಗಿಸಲು ಹಿಂಜರಿದಳು.

“ಇದರಾಗ ನಿಮ್ಮಜ್ಜಿ ಹುಣಸಿ ತೊಕ್ಕು ಕುಟ್ಯಾಳ. ಕೇಳಿ ನಮ್ಮವ್ವ ನೆನಪಾದಳು. ಇನ್ನೊಂದು ನಾಕು ದಿನ ನನ್ನ ಕಡೆ ಇರಲಿ.”

“ನಿನ್ನ ಕಡೆನೇ ಇರಲಿ,” ಎಂದಳು ಅವ್ವ.

ಸೋದರಮಾವ ಮಹಾದೇವಪ್ಪನಿಗೆ ಸಿಟ್ಟು ಬಂತು. “ಮನಿ ಮಾತು ಊರ ಕೈಯಾಗ ಕೊಡತೀಯೇನು?”

“ಒಂದ ಕಡೆ ಇಟ್ರ ಒಂದ ಸಲಕ್ಕ ಹೋಗತಾವಣ್ಣ.”

ಮಾವ ಮೂರು ಸುಗ್ಗಿ ಅವ್ವನ ಜೊತೆ ಮಾತು ಬಿಟ್ಟ. ಅಂದಿನಿಂದ ನಿಮ್ಮ ಕಾಗದಗಳು ಬೇರೆ ಬೇರೆ ಮನೆಗಳಲ್ಲಿವೆ. ಸುಗ್ಗಿ ಮುಗಿದ ಮೇಲೆ ಎಲ್ಲರೂ ತಂದು ಓದುತ್ತಾರೆ. ನಾಲ್ಕನೆಯ ವರ್ಷ ಮಾವನೂ ಬಂದು ಹಿಂದೆ ಕುಳಿತ. ಹೋಗುವಾಗ ಒಂದು ದಿನಚರಿಯನ್ನು ತಾನೇ ಕೇಳಿ ಒಯ್ದ.

ದೋಣಿಯಿಂದಿಳಿದ ಒಬ್ಬ ಮಾತ್ರ ತನ್ನವರನ್ನು ಹುಡುಕುತ್ತ ಹೋದವನು ಮರಳಲಿಲ್ಲ. ಅವನ ಮಡಿಲಲ್ಲಿದ್ದದ್ದು ನಿಮ್ಮ ಕೊನೆಯ ದಿನಚರಿ. ಗಂಗೂಬಾಯಿಯವರ ಕಡೆಯ ಪತ್ರ ನನ್ನ ಬಳಿ ಇದೆ: “ಅಕ್ಕಾ, ಡಾಕ್ಟರು ಕೈಚೆಲ್ಯಾರ. ಜಗಳ ಮರೆತು ಒಮ್ಮೆ ಬಾ.” ನೀವು ಹೋದಿರೋ ಇಲ್ಲವೋ, ನಮಗೆ ಯಾರಿಗೂ ತಿಳಿಯದು.

ಕಾಲ ದಾಟಿ ಈ ಕಾಗದ ನಿಮ್ಮ ಕೈಸೇರುವುದಾದರೆ, ಆ ಹೊತ್ತಿಗೆ ತಂಗಿಯ ಆ ಪತ್ರ ನಿಮಗಿನ್ನೂ ಬಂದಿರಲಿಕ್ಕಿಲ್ಲ. ಬಂದ ದಿನ ದಯವಿಟ್ಟು ಉತ್ತರ ಬರೆಯುತ್ತ ಕೂರಬೇಡಿ. ಬಸ್ಸು ಹತ್ತಿ.

ನಿಮ್ಮ,
ಚಂಪಾವತಿ