ನಮ್ಮ ನಡುಮನೆಯಲ್ಲಿ ಗಣಿ ಇಲ್ಲ, ಸ್ವಾಮಿ

ಕರೆಂಟು ಆಫೀಸಿನ ಮಾನ್ಯ ಸಾಹೇಬರೇ,

ನನ್ನ ಮನೆಯಲ್ಲಿ ಗಣಿ ಇದೆ ಅನ್ನುತ್ತೀರಿ. ಹಾಗಾದರೆ ಅದು ಎಲ್ಲಿದೆ ಅಂತ ನೀವೇ ಒಮ್ಮೆ ಬಂದು ತೋರಿಸಿಬಿಡಿ. ನಾವು ಹುಡುಕಿ ಸಾಕಾದೆವು. ಕಾಮಗೆರೆಯ ನನ್ನ ಮನೆಯ ಫ್ಯೂಸ್ ಕೀಳಿಸಿದ್ದೀರಿ. ಕಾರಣ, "ಅನುಮತಿಯಿಲ್ಲದ ಗಣಿಗಾರಿಕೆ"!

ನಿಮ್ಮ ಲೈನ್‌ಮನ್ ಶಂಕರ್ ಪಾಪ, ಹೊಸ್ತಿಲಲ್ಲೇ ತಲೆ ಕೆರೆದುಕೊಂಡ. "ಮಾದಪ್ಪಣ್ಣ, ಬೇಜಾರ್ ಮಾಡ್ಕಬ್ಯಾಡಿ. ಮನೇಲಿ ಮೈನಿಂಗ್ ಮಾಡ್ತಾವ್ರೆ, ಕಿತ್ಕಂಡ್ ಬಾ ಅಂತ ಸಾಯೇಬ್ರು ಏಳವ್ರೆ."

"ಲೇ ಶಂಕರ, ನಮ್ಮನೇಲಿ ಕಲ್ಲು ಸಿಗೋದು ರಾಗೀಲಿ ಮಾತ್ರ ಕಣ್ಲಾ. ಬೇಕಾದ್ರೆ ಅದ್ನೂ ತಕಂಡೋಗು" ಅಂದೆ. ನಕ್ಕ. ನಕ್ಕುಕೊಂಡೇ ಕಿತ್ತ.

ನಾವು ರೇಷ್ಮೆ ಹುಳು ಸಾಕುವವರು. ತೂಗುವಾಗ ಒಳ್ಳೆಯ ಗೂಡು ಅಂದ ವ್ಯಾಪಾರಿ, ದುಡ್ಡು ಕೊಡುವಾಗ ಕಳಪೆ ಅನ್ನುತ್ತಿದ್ದ. ಅದಕ್ಕೇ ಕಾಮಗೆರೆ, ಸತ್ತೇಗಾಲ, ರಾಮಾಪುರ, ಯಳಂದೂರಿನ ಒಂದೊಂದು ಮನೆಯಲ್ಲಿ ಒಂದೊಂದು ಹಳೇ ಕಂಪ್ಯೂಟರ್ ಇಟ್ಟೆವು. ಯಾರ ಗೂಡು, ಯಾವ ದರ್ಜೆ ಎಂಬುದು ನಾಲ್ಕರಲ್ಲೂ ಒಂದೇ ಥರ ದಾಖಲಾಗುತ್ತದೆ. ಮೂರು ಒಪ್ಪಿದರೆ ಸೇರಿತು, ಆಮೇಲೆ ಯಾರಪ್ಪನೂ ತಿದ್ದುವಂತಿಲ್ಲ. ಓದಿದವರು ಇದನ್ನು ಬ್ಲಾಕ್‌ಚೈನ್ ಅನ್ನುತ್ತಾರೆ. ಐದನೇ ಕ್ಲಾಸಿಗೇ ಶಾಲೆ ಬಿಟ್ಟು ಎಮ್ಮೆ ಬಾಲ ಹಿಡಿದ ನನಗೆ ಇದು ಜಗುಲಿ ಪಂಚಾಯಿತಿ. ಯಾವ ಕಂಪನಿಯ ಹಂಗೂ ಇಲ್ಲ. ಮಂಕರಿ ಬುಟ್ಟಿಗೊಂದು ಬೊಗಸೆ ಗೂಡು ಮಿಷಿನ್ ಪಾಲಿಗೆ ಎತ್ತಿಡುತ್ತೇವೆ. ರಿಪೇರಿ, ಕರೆಂಟು ಎಲ್ಲ ಅದರಲ್ಲೇ.

ದೊಡ್ಡ ದೊಡ್ಡ ಕಡೆ ಇಂಥ ಮಿಷಿನ್‌ಗಳು ನಾ ಮುಂದು, ತಾ ಮುಂದು ಅಂತ ಹಗಲೂ ರಾತ್ರಿ ಲೆಕ್ಕ ಬಿಡಿಸಿ ಕರೆಂಟು ಕುಡಿಯುತ್ತವಂತೆ. ಆ ಪೈಪೋಟಿಗೆ ಮೈನಿಂಗ್ ಅಂತ ಹೆಸರು. ನಮ್ಮದರಲ್ಲಿ ಅದಿಲ್ಲ, ಒಂದು ಟಿವಿಯಷ್ಟೂ ಕರೆಂಟು ಬೇಡ. ಅದಕ್ಕೇ ನಮ್ಮ ರೇಷ್ಮೆ ಬೆಳೆಗಾರರ ಸಂಘದ ಕಾರ್ಯದರ್ಶಿ ನಾಗಶ್ರೀ, ಕರೆಂಟಿಗೆ ಮನೆ ದರವೇ ಇರಲಿ ಅಂತ ನಿಮಗೆ ಅರ್ಜಿ ಕೊಡುವಾಗ "ಇದರಲ್ಲಿ ಮೈನಿಂಗ್ ಇಲ್ಲ" ಅಂತ ಬರೆದಳು. ಇಲ್ಲ ಅಂದದ್ದೇ ತಪ್ಪಾಯಿತು! ನಾನು ಕಳ್ಳನಲ್ಲ ಅಂದವನ ಜೇಬನ್ನೇ ಮೊದಲು ತಡಕುವುದಲ್ಲವೇ? ನೀವು ಗಣಿ ಇಲಾಖೆಯ ಒಪ್ಪಿಗೆ ಪತ್ರ ಕೇಳಿದಿರಿ. ಅಲ್ಲಿಗೆ ಹೋದರೆ, "ಯಾವ ಕಲ್ಲು? ಕರಿಯೋ, ಬಿಳಿಯೋ?" ಅಂದರು. ಏನು ಹೇಳಲಿ? ರೇಷ್ಮೆ ಕಲ್ಲು ಅನ್ನಲೇ?

ಮತ್ತೆ ನಿಮ್ಮ ಬಳಿ ಬಂದರೆ, "ಪಟ್ಟಣದ ಕಂಪನಿಯ ಮಿಷಿನ್ ಬಾಡಿಗೆಗೆ ತಗೊಳ್ಳಿ" ಅಂದಿರಿ. ಬಾಡಿಗೆ ಸಾಕ್ಷಿಗಳು ಕೋರ್ಟಿನ ಮುಂದೆ ಸಿಗುತ್ತಾರೆ ಅಂತ ನಮಗೂ ಗೊತ್ತು, ಸಾಹೇಬರೇ. ನಮಗೆ ಬೇಕಿದ್ದುದು ನಮ್ಮದೇ ಸಾಕ್ಷಿ.

ಈಗ ಸತ್ತೇಗಾಲದ ಫ್ಯೂಸೂ ಹೋಗಿದೆ. ಉಳಿದದ್ದು ಎರಡು ಮಿಷಿನ್, ಒಪ್ಪಬೇಕಾದದ್ದು ಮೂರು. ಒಂದು ಗೂಡೂ ದಾಖಲಾಗುತ್ತಿಲ್ಲ. ರಾಮಾಪುರದ ಚೆಲುವಮ್ಮನ ಹುಳುಗಳು ಬಿದಿರಿನ ಚಂದ್ರಿಕೆ ತಟ್ಟೆ ಹತ್ತಿ ಗೂಡು ಕಟ್ಟುತ್ತಿವೆ. ಬೇಗ ಮಾರದಿದ್ದರೆ ಚಿಟ್ಟೆ ತೂತು ಮಾಡಿಕೊಂಡು ಹೊರಬರುತ್ತದೆ. ದಾಖಲೆಯಿಲ್ಲದೆ ಮಾರಿದರೆ ಮತ್ತೆ ಅದೇ ವ್ಯಾಪಾರಿ, ಅದೇ ನಾಲಿಗೆ. ಫೋನಿನಲ್ಲಿ ಕೇಳಿದಳು: "ಮಾದಪ್ಪಣ್ಣ, ಉಳ ನಿಮ್ ಸಾಯೇಬ್ರ ಆರ್ಡರ್ ಕಾಯ್ತದಾ?" ಸದಾ ನಗಿಸುವವನು ನಾನು. ಅವಳ ಮಾತು ಕೇಳಿ ಜೋಕು ಬದಿಗಿಟ್ಟು ಈ ಪತ್ರ ಬರೆಯಲು ಕೂತೆ.

ಆದ್ದರಿಂದ ಅವಳು ಗೂಡು ಬಿಡಿಸುವ ಮೊದಲು ಎರಡೂ ಫ್ಯೂಸ್ ಹಾಕಿಸಿ. ಗಣಿ ಎಂಬ ಪದ ಹೊಡೆದು ಹಾಕಿ, ಮನೆ ದರ ಉಳಿಸಿ. ದಾನ ಕೇಳುತ್ತಿಲ್ಲ, ನಮ್ಮ ಪಾಡಿಗೆ ನಮ್ಮನ್ನು ಬಿಡಿ ಅನ್ನುತ್ತಿದ್ದೇವೆ.

ಇನ್ನೂ ಬರೆಯುವುದಿತ್ತು. ನನ್ನ ಹೆಂಡತಿ ದೊಡ್ಡಬಸಮ್ಮ ಒಳಗಿಂದ ಕೂಗುತ್ತಿದ್ದಾಳೆ: "ಏನ್ರೀ, ಬೆಳ್ಕಿರೋವಾಗ್ಲೇ ಉಣ್ ಬನ್ನಿ! ಆಮ್ಯಾಕೆ ಮುದ್ದೆ ಯಾವ್ದು, ಬಾಯ್ ಯಾವ್ದು ತಿಳಿಯಾಕಿಲ್ಲ!"

ಇಂತಿ,
ಬಿಲ್ಲು ತಪ್ಪದೆ ಕಟ್ಟಿಯೂ ಕತ್ತಲಲ್ಲಿ ಕೂತಿರುವ
ಪುಟ್ಟಮಾದಪ್ಪ, ಕಾಮಗೆರೆ