ನಿನ್ನ ಕಡೆಯ ಕುರ್ಚಿಗಳು

ಗೋದಾಮಿನಿಂದ,
ಶನಿವಾರ, ೯ನೇ ತಾರೀಖು

ನನ್ನ ಚಂಡಿಗೆ,

ಮೊದಲು ಬೈಗುಳ ತಗೊ. ಮೂರನೇ ಕ್ಲಾಸಿಗೆ ಸ್ಕೂಲು ಬಿಟ್ಟವಳ ಕೈಗೆ ಪೆನ್ನು ಹಿಡಿಸಿದ್ದೀಯ. ಬಾಡಿಗೆ ಚೀಟಿಯ ಮೇಲೆ ಕುರ್ಚಿ ಇಷ್ಟು, ಮೇಜು ಇಷ್ಟು ಅಂತ ಗೀಚುವುದು ಬಿಟ್ಟರೆ ಈ ಕೈ ಬೇರೇನೂ ಬರೆದದ್ದಿಲ್ಲ. ಈಗಾಗಲೇ ಎರಡು ಕಾಗದ ಹರಿದು ಹಾಕಿದ್ದೇನೆ. ಅಕ್ಷರ ಕಾಗೆ ಕಾಲಿನ ಹಾಗಿದೆ ಅಂತ ನಕ್ಕರೆ ಬಂದು ಒಂದು ಬಿಡುತ್ತೇನೆ. ಫೋನು ಇಟ್ಟುಕೊಂಡು ಯಾಕೆ ಬರೆಯುತ್ತಿದ್ದೇನೆ ಅಂತ ಮುಂದೆ ಓದಿದರೆ ತಿಳಿಯುತ್ತದೆ.

ಇದು ನಿನ್ನ ಕೈಗೆ ಸೋಮವಾರ ಟೈಲರಮ್ಮನ ಟ್ರಯಲ್ ರೂಮಿನಲ್ಲಿ ಸಿಗುತ್ತದೆ. ಮದುವೆ ಬಟ್ಟೆಗೆ ಪಿನ್ನು ಚುಚ್ಚಿರುತ್ತಾಳೆ, ಕೂರಬೇಡ, ನಿಂತೇ ಓದು. ನಿನ್ನ ಗಂಡನಾಗುವವನು ಪರದೆಯ ಆಚೆ ಸ್ಟೂಲು ಹಾಕಿಕೊಂಡು ಆಯ್ತಾ, ಆಯ್ತಾ ಅಂತ ಕೇಳುತ್ತಲೇ ಇರುತ್ತಾನಂತೆ. ಕೇಳಿದರೆ ಜಿಪ್ಪು ಸಿಕ್ಕಿಕೊಂಡಿದೆ ಅನ್ನು. ಟೈಲರಮ್ಮ ಒಂದು ಡಬ್ಬಿ ಗುಂಡಿ ಅವನ ಮುಂದೆ ಸುರಿದು, ನೀವೇ ಆರಿಸಿಕೊಡಿ ಸಾರ್ ಅಂತ ಕೂರಿಸುತ್ತಾಳೆ. ನಿನ್ನ ಪರವಾಗಿ ಆರಿಸುವುದು ಅಂದರೆ ಅವನಿಗೆ ಹೊಟ್ಟೆ ತುಂಬ ಊಟ ಮಾಡಿದ ಹಾಗೆ. ಅಷ್ಟರಲ್ಲಿ ಓದಿ ಮುಗಿಸು.

ಅವನಿಗೆ ತಣ್ಣೀರು ಅಂತ ಹೆಸರಿಟ್ಟವಳು ನೀನೇ. ಬೆಂಕಿಪೊಟ್ಟಣದ ವಂಶಕ್ಕೆ ಕೊನೆಗೂ ತಣ್ಣೀರು ಸಿಕ್ಕಿತು ದೊಡ್ಡಮ್ಮ ಅಂತ ಈ ಗೋದಾಮಿನಲ್ಲೇ ಕುರ್ಚಿ ರಾಶಿಯ ಮೇಲೆ ಹತ್ತಿ ಕೂತು ನಕ್ಕಿದ್ದೆ. ನಾನೂ ನಕ್ಕೆ. ತಣ್ಣೀರನ್ನೂ ತಣಿಸಿ ಕುಡಿ ಅಂತ ಹಿರಿಯರು ಹೇಳಿದ್ದು ಆಗ ನೆನಪಾಗಲಿಲ್ಲ. ಮನೆಯವರೆಲ್ಲ ಗಟಗಟ ಕುಡಿದೆವು.

ಟೆನ್ಶನ್ ಇಲ್ಲದ ಮದುವೆ ಬೇಕು ಅಂತ ಹೊರಟವಳೂ ನೀನೇ. ನಾನು ಆವತ್ತೇ ಹೇಳಿದೆ, ಟೆನ್ಶನ್ ಇಲ್ಲದ ಮದುವೆ ಬಟ್ಟೆ ಅಂಗಡಿಯ ಗೊಂಬೆಗಳಿಗೆ ಮಾತ್ರ ಆಗುತ್ತದೆ ಅಂತ. ನೀನು ಕೇಳಬೇಕಲ್ಲ. ಎಲ್ಲವನ್ನೂ ಹಂಚಿಬಿಡೋಣ ಅಂದೆ. ಛತ್ರ ಗೊತ್ತು ಮಾಡುವುದು ನಿನಗೆ, ಊಟ ನಿನ್ನಮ್ಮನಿಗೆ, ಕುರ್ಚಿ ನನಗೆ. ಆಮೇಲೆ ಕುರ್ಚಿಯ ಕವರು ನೀಲಿಯಾ ಬಿಳಿಯಾ ಅಂತ ನನ್ನ ಜೊತೆ ಬೀದಿಗೆ ಕೇಳುವ ಹಾಗೆ ಜಗಳ ಆಡಿದೆ. ಎದುರಿನ ಸೈಕಲ್ ಅಂಗಡಿಯವನು ಓಡಿ ಬಂದ, ಯಾರನ್ನು ಕೊಲ್ಲುತ್ತಿದ್ದೀರಿ ಅಂತ. ಚಂಡಿ, ಆ ಜಗಳವನ್ನು ಈಗ ದಿನಾ ನೆನೆಸಿಕೊಳ್ಳುತ್ತೇನೆ. ನನಗೆ ನಿನ್ನ ದನಿ ಕೇಳಿದ್ದು ಅದೇ ಕೊನೆ.

ಅದಾದ ವಾರಕ್ಕೆ ಅವನು ಗೋದಾಮಿಗೆ ಬಂದ. ಚಪ್ಪಲಿ ಹೊರಗೆ ಬಿಟ್ಟ. ಗೋದಾಮಿಗೆ ಯಾರು ಚಪ್ಪಲಿ ಬಿಟ್ಟು ಬರುತ್ತಾರೆ? ನನ್ನ ಕುರ್ಚಿಗಳನ್ನು ಹೊಗಳಿದ. ಅವಳಿಗೆ ನಿದ್ದೆ ಬರುತ್ತಿಲ್ಲ ದೊಡ್ಡಮ್ಮ, ಇನ್ನು ಮೇಲೆ ಎಲ್ಲ ಭಾರ ನನಗಿರಲಿ, ಏನಿದ್ದರೂ ನನ್ನನ್ನೇ ಕೇಳಿ, ಅವಳನ್ನು ಕೇಳಬೇಡಿ ಅಂದ. ಇಂಥ ಹುಡುಗ ದುಡ್ಡು ಕೊಟ್ಟರೂ ಸಿಗಲ್ಲ ಅಂತ ನಾನೇ ನಿನ್ನಮ್ಮನಿಗೆ ಫೋನು ಮಾಡಿ ಹೇಳಿದೆ.

ನಿನ್ನ ಕಡೆಗೆ ಇನ್ನೂರು ಕುರ್ಚಿ ಅಂತ ನೀನು ಬರೆಸಿದ್ದೆ. ಅವನು ಮೊದಲನೇ ಸಲ ಫೋನು ಮಾಡಿದಾಗ ನಿನ್ನ ಡ್ರೈವಿಂಗ್ ಸ್ಕೂಲಿನವರನ್ನು ಪಟ್ಟಿಯಿಂದ ತೆಗೆಸಿದ. ಅವರೆಲ್ಲ ಜೋರು ಬಾಯಿ, ಅವಳಿಗೆ ತಲೆನೋವು ಬರುತ್ತದೆ ಅಂದ. ನಿನ್ನಿಂದ ಗಾಡಿ ಕಲಿತವರು, ನಿನ್ನ ಜೊತೆ ಕೆಲಸ ಮಾಡಿದವರು, ಒಬ್ಬರೂ ಇಲ್ಲ. ಎರಡನೇ ಸಲ ನಿನ್ನ ಗೆಳತಿ, ಆ ಗಹಗಹಿಸಿ ನಗುವ ನರ್ಸು. ಅವಳು ಕೆಲಸ ಬಿಟ್ಟು ಬರಲಿಕ್ಕಾಗಲ್ಲವಂತೆ ಅಂದ. ಮಾರನೇ ದಿನ ಅವಳೇ ಬಸ್ಸಿನಲ್ಲಿ ಸಿಕ್ಕಿ, ನನ್ನನ್ನು ಕರೆದೇ ಇಲ್ಲ, ನಾನೇನು ತಪ್ಪು ಮಾಡಿದೆ ಅಂತ ಕಣ್ಣು ಒರೆಸಿಕೊಂಡಳು. ಮೂರನೇ ಸಲ ಅಕ್ಕಪಕ್ಕದ ಮನೆಯವರು. ಪ್ರತಿ ಸಲವೂ ಬೆಣ್ಣೆ ಹಚ್ಚಿದ ಹಾಗೆ ಅದೇ ಮಾತು, ಅವಳಿಗೆ ಟೆನ್ಶನ್ ಬೇಡ ಅಂತ. ಅವನ ಕಡೆಯದು ಒಂದು ಕುರ್ಚಿಯೂ ಕಡಿಮೆಯಾಗಲಿಲ್ಲ. ಈಗ ನಿನ್ನ ಕಡೆ ಆರು.

ಮದುವೆಗೆ ಕರೆಯದವರು ಆಮೇಲೆ ಬಾಗಿಲು ತಟ್ಟುವುದಿಲ್ಲ ಕಣೇ. ನಿನ್ನ ದನಿ ಕೇಳಲಿಲ್ಲ ಅಂತ ಯಾರು ಹುಡುಕಿಕೊಂಡು ಬರಬೇಕಾಗಿತ್ತೋ ಅವರನ್ನೆಲ್ಲ ಅವನು ಒಬ್ಬೊಬ್ಬರಾಗಿ ಎಬ್ಬಿಸಿ ಕಳಿಸುತ್ತಿದ್ದಾನೆ. ಇದು ನನಗೆ ಹೇಗೆ ಗೊತ್ತು ಅಂತ ಕೇಳಬೇಡ. ಗೊತ್ತು.

ನಿನಗೆ ಮೆಸೇಜು ಹಾಕಿದೆ. ಬಂದ ಉತ್ತರದಲ್ಲಿ ದೊಡ್ಡಮ್ಮನವರೇ, ತಾವು ದಯವಿಟ್ಟು ಚಿಂತಿಸಬೇಡಿ ಅಂತ ಇತ್ತು. ದೊಡ್ಡಮ್ಮನವರೇ! ತಾವು! ಹುಟ್ಟಿದಾಗಿಂದ ನನ್ನನ್ನು ಬೆಂಕಿಪೊಟ್ಟಣ ಅಂತ ಕರೆದವಳು ನೀನು. ನಾನು ಪರೀಕ್ಷೆ ಮಾಡಿದೆ. ನಿನ್ನ ಮದುವೆಗೆ ಕಾಲು ಮುರಿದ ಹಳದಿ ಪ್ಲಾಸ್ಟಿಕ್ ಕುರ್ಚಿ ಹಾಕುತ್ತೇನೆ, ಒಳ್ಳೆಯವು ಬೇರೆ ಕಡೆ ಹೋಗಿವೆ ಅಂತ ಹಾಕಿದೆ. ನನ್ನ ಚಂಡಿ ಆಗಿದ್ದರೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರಬೇಕಿತ್ತು. ತಮಗೆ ಹೇಗೆ ಅನುಕೂಲವೋ ಹಾಗೆ ಅಂತ ಬಂತು. ಫೋನನ್ನು ಮೇಜಿನ ಮೇಲೆ ಕವುಚಿ ಹಾಕಿದೆ. ನಿನ್ನ ಫೋನು ಯಾರ ಜೇಬಿನಲ್ಲಿದೆ ಅಂತ ಗೊತ್ತಾಯಿತು. ಅದಕ್ಕೇ ಈ ಕಾಗದ.

ಕಳೆದ ಭಾನುವಾರ ಅದಕ್ಕೇ ನಿಮ್ಮ ಮನೆಗೆ ಬಂದದ್ದು, ಕವರಿನ ಬಣ್ಣ ತೋರಿಸುತ್ತೇನೆ ಅಂತ ನೆವ ಮಾಡಿಕೊಂಡು. ಟೀ ಕುಡಿಯುತ್ತೀಯಾ ಅಂತ ನಿನ್ನನ್ನು ಕೇಳಿದೆ. ನೀನು ಅವನ ಮುಖ ನೋಡಿದೆ. ಟೀ ಬಿಟ್ಟಿದ್ದಾಳೆ ದೊಡ್ಡಮ್ಮ, ನಿದ್ದೆ ಕೆಡುತ್ತದೆ ಅಂತ ಅವನು ಹೇಳಿದ. ಕೆಲಸ ಯಾಕೆ ಬಿಟ್ಟೆ ಅಂತ ಕೇಳಿದೆ. ಮದುವೆ ಮುಗಿಯುವ ತನಕ ರಜ ಅಷ್ಟೇ, ರಸ್ತೆ ಗಲಾಟೆ ಅವಳಿಗೆ ಆಗಲ್ಲ ಅಂತ ಅವನು ಹೇಳಿದ. ಈ ಊರಿನ ಅರ್ಧ ಜನಕ್ಕೆ ಸ್ಟೇರಿಂಗ್ ಹಿಡಿಯುವುದು ಕಲಿಸಿದವಳಿಗೆ ರಸ್ತೆ ಗಲಾಟೆ ಆಗಲ್ಲವಂತೆ. ನೀನು ನಗುತ್ತಾ ಕೂತಿದ್ದೆ.

ಆಗ ನನ್ನ ಕೈಯಿಂದ ಚಮಚ ಬಿತ್ತು. ಎತ್ತಿಕೊಳ್ಳಲು ಮೇಜಿನ ಕೆಳಗೆ ಬಗ್ಗಿದೆ. ನಿನ್ನ ಬಲಗಾಲು ನೆಲವನ್ನು ಒತ್ತುತ್ತಿತ್ತು. ಅವನು ಒಂದು ಮಾತು ಆಡಿದಾಗೆಲ್ಲ ಒಂದು ಸಲ, ಬೆರಳು ಬಿಳಿಚಿಕೊಳ್ಳುವ ಹಾಗೆ.

ನನಗೆ ಗಾಡಿ ಕಲಿಸುವಾಗ ನೀನೇ ತೋರಿಸಿದ್ದೆ. ಕಲಿಯುವವರು ತಪ್ಪು ಮಾಡಿದರೆ ಪಕ್ಕದಲ್ಲಿ ಕೂತವರಿಗೂ ಇರಲಿ ಅಂತ ನಿನ್ನ ಕಾಲ ಕೆಳಗೆ ಒಂದು ಎರಡನೇ ಬ್ರೇಕು. ನಾನು ಎಮ್ಮೆಗೆ ಗುದ್ದಲು ಹೋದಾಗ ಅದನ್ನೇ ಒತ್ತಿ ನನ್ನ ಜೀವ, ಎಮ್ಮೆಯ ಜೀವ ಎರಡೂ ಉಳಿಸಿದೆ. ಚಂಡಿ, ನಿನ್ನ ಬಾಯಿ ನಗುತ್ತಿತ್ತು, ಕಾಲು ಬ್ರೇಕು ಒತ್ತುತ್ತಿತ್ತು. ಆದರೆ ಈಗ ನೀನು ಕೂತಿರುವ ಕಡೆ ಆ ಎರಡನೇ ಬ್ರೇಕು ಇಲ್ಲ. ನಾನು ಮೇಜಿನ ಕೆಳಗಿಂದ ಬೇಗ ಏಳಲಿಲ್ಲ. ಸೊಂಟ ಹಿಡಿಯಿತು ಅಂತ ಸುಳ್ಳು ಹೇಳಿದೆ.

ನಿನ್ನಮ್ಮನನ್ನು ಅಡುಗೆಮನೆಗೆ ಎಳೆದುಕೊಂಡು ಹೋಗಿ ಹೇಳಿದೆ. ಅವಳು ನನಗೇ ತಿರುಗಿ ಬಿದ್ದಳು. ಅವನು ಹೊಡೆದನಾ, ಕುಡಿದನಾ, ಏನಾದರೂ ಕೇಳಿದನಾ, ಮಗಳಿಗೆ ಸುಧಾರಿಸಿಕೋ ಅನ್ನುವುದೂ ತಪ್ಪಾ ಅಕ್ಕ ಅಂದಳು. ತೋರಿಸಲಿಕ್ಕೆ ಗಾಯ ಇಲ್ಲ, ಒಡೆದ ಪಾತ್ರೆ ಇಲ್ಲ, ಬರೀ ಒಂದು ಕಾಲು. ಎಲ್ಲರೂ ನಮ್ಮ ಭಾವನ ಹಾಗೆ ದೇವರಂಥವರು ಆಗಬೇಕು ಅಂದರೆ ಎಲ್ಲಿಂದ ತರಲಿ, ಅಂಥ ಮನುಷ್ಯನನ್ನೇ ನೀನು ಬಾಯಲ್ಲಿ ಹುರಿದು ಮುಕ್ಕಿದೆ ಅಂತಲೂ ಸೇರಿಸಿದಳು. ಹೌದು, ನಿನ್ನ ದೊಡ್ಡಪ್ಪ ಒಂದು ದಿನವೂ ದನಿ ಎತ್ತಿದವರಲ್ಲ. ಇಡೀ ಊರಿಗೆ ಗೊತ್ತು. ನಾನು ಉಳಿದ ಟೀ ಕುಡಿದು ಲೋಟ ತೊಳೆದಿಟ್ಟೆ.

ಹೊರಡುವಾಗ ಅವನು ನನ್ನ ವ್ಯಾನಿನ ತನಕ ಬಂದ. ಬಾಗಿಲು ತೆಗೆದು ಹಿಡಿದ. ನಿಮ್ಮ ಕಣ್ಣು ಮಂದ ಅಲ್ಲವಾ ದೊಡ್ಡಮ್ಮ, ಮದುವೆ ದಿನ ಸುಮ್ಮನೆ ಯಾಕೆ ಓಡಾಡುತ್ತೀರಿ, ಕುರ್ಚಿ ಕಳಿಸಿ ಸಾಕು, ನೀವು ಬರುವುದು ಬೇಡ ಅಂದ. ಎಷ್ಟು ಅಕ್ಕರೆ ನೋಡು. ಆಮೇಲೆ, ಗೋದಾಮಿನಲ್ಲಿ ಒಬ್ಬರೇ ಇರುತ್ತೀರಿ, ಒಳಗೆ ಅಷ್ಟೊಂದು ಬಟ್ಟೆ, ಸ್ಪಂಜು, ಒಂದು ಕಿಡಿ ಬಿದ್ದರೂ ಗತಿ ಏನು, ಹುಷಾರಾಗಿರಿ ಅಂದ. ಬಾಗಿಲನ್ನು ಮೆತ್ತಗೆ ಹಾಕಿದ. ಬೆಂಕಿಪೊಟ್ಟಣಕ್ಕೇ ಬೆಂಕಿಯ ಬುದ್ಧಿ ಹೇಳಿದ ಅಂತ ನಗಬೇಕಿತ್ತು. ಆದರೆ ನಗದೆ ಗಾಡಿ ತಿರುಗಿಸಿ ಸೀದಾ ಗೋದಾಮಿಗೆ ಬಂದೆ. ಅವತ್ತಿನಿಂದ ಬೀಗ ಹಾಕಿ ಹತ್ತು ಹೆಜ್ಜೆ ಹೋದವಳು ತಿರುಗಿ ಬಂದು ಎಳೆದು ನೋಡುತ್ತೇನೆ. ಕವರಿನ ಗಂಟುಗಳ ಪಕ್ಕ ಎರಡು ಬಕೆಟ್ ನೀರು ಇಟ್ಟಿದ್ದೇನೆ. ನಾಯಿಗೆ, ಪೊಲೀಸಿಗೆ, ಸಾಲಗಾರನಿಗೆ ಹೆದರದವಳು ಒಂದು ಒಳ್ಳೆಯ ಮಾತಿಗೆ ಹೆದರಿದ್ದೇನೆ. ನಿನಗೂ ಹೀಗೇ ಒಳ್ಳೆಯ ಮಾತಿನಲ್ಲೇ ಹೇಳಿರುತ್ತಾನೆ. ಏನು ಹೇಳಿದ್ದಾನೋ ನನಗೆ ಗೊತ್ತಿಲ್ಲ.

ಈಗ ಕೇಳು. ಮದುವೆ ಬಿಡು ಅಂತ ನಾನು ಹೇಳುತ್ತಿಲ್ಲ. ಹಾಗೆ ಮಾಡು, ಹೀಗೆ ಮಾಡಬೇಡ ಅನ್ನಲು ನಿನಗೆ ಈಗ ಒಬ್ಬ ಸಾಕು. ನಾನು ಕೇಳುವುದು ಒಂದೇ ಅಂಕಿ. ನಿನ್ನ ಕಡೆ ಎಷ್ಟು ಕುರ್ಚಿ ಹಾಕಲಿ? ಟೈಲರಮ್ಮನ ಸೀಮೆಸುಣ್ಣ ಅಲ್ಲೇ ಬಿದ್ದಿರುತ್ತದೆ, ಈ ಕಾಗದದ ಹಿಂದೆ ನಿನ್ನ ಕೈಯಾರೆ ಬರೆದು ಅವಳಿಗೆ ಕೊಡು. ಇನ್ನೂರು ಅಂತ ಬರೆದರೆ ಇನ್ನೂರು ಹಾಕುತ್ತೇನೆ, ಅವನ ಅಪ್ಪನ ಅಪ್ಪ ಬಂದು ಬೇಡ ಅಂದರೂ ಹಾಕುತ್ತೇನೆ. ಅದರಲ್ಲಿ ಕೂರುವವರನ್ನು ಮನೆ ಮನೆಗೆ ಹೋಗಿ ನಾನೇ ಕರೆಯುತ್ತೇನೆ, ನರ್ಸಿನಿಂದ ಶುರು ಮಾಡಿ. ಅವನು ನಿಜವಾಗಿ ಬೇಕು ಅಂತಿದ್ದರೆ ನಿನ್ನವರು ಇನ್ನೂರು ಜನ ನೋಡುತ್ತಿರುವಾಗ ಮದುವೆಯಾಗು.

ಸೊನ್ನೆ ಬರೆದರೆ ಮದುವೆಯೇ ಬೇಡ ಅಂತ ತಿಳಿಯುತ್ತೇನೆ. ಒಂದು ಮಾತೂ ಕೇಳುವುದಿಲ್ಲ. ಗುರುವಾರ ಕೊನೆಯ ಅಳತೆಗೆ ಬರುತ್ತೀಯಲ್ಲ, ಅವತ್ತು ಟೈಲರಮ್ಮನ ಹಿಂಬಾಗಿಲಿನ ಓಣಿಯಲ್ಲಿ ನಮ್ಮ ವ್ಯಾನು ನಿಂತಿರುತ್ತದೆ. ಪಿನ್ನು ಚುಚ್ಚಿದ ಬಟ್ಟೆಯಲ್ಲೇ ಬಂದು ಹತ್ತು. ಡ್ರೈವರ್ ಸೀಟು ನಿನ್ನದು. ನನ್ನ ಕಣ್ಣು ಮಂದ ಅಂತ ಅವನೇ ಹೇಳಿದ್ದಾನಲ್ಲ. ಸೋಮವಾರ ಬರೆಯಲು ಧೈರ್ಯ ಬಾರದಿದ್ದರೂ ಪರವಾಗಿಲ್ಲ, ಗುರುವಾರ ವ್ಯಾನು ಹೇಗೂ ಅಲ್ಲೇ ಇರುತ್ತದೆ, ಆಗ ಬರೆ.

ನಿನ್ನಮ್ಮನನ್ನು ನನಗೆ ಬಿಡು. ಅವಳು ಅಳುತ್ತಾಳೆ, ನನಗೆ ಶಾಪ ಹಾಕುತ್ತಾಳೆ. ಅಭ್ಯಾಸ ಇದೆ.

ಕಾಗದ ತಿರುಗಿ ಟೈಲರಮ್ಮನ ಕೈಗೆ ಕೊಡು, ಬಟ್ಟೆಯಲ್ಲಿ ಇಟ್ಟುಕೊಳ್ಳಬೇಡ. ಅಳಬೇಡ, ಹೊರಗೆ ಬಂದಾಗ ಕಣ್ಣು ಕೆಂಪಾಗಿರಬಾರದು. ಅತ್ತೇ ಬಿಟ್ಟಿದ್ದರೆ ಪಿನ್ನು ಚುಚ್ಚಿತು ಅನ್ನು.

ಇಂತಿ ನಿನ್ನ,
ಬೆಂಕಿಪೊಟ್ಟಣ

ಮರೆತಿದ್ದೆ: ನೀನು ಇಷ್ಟುದ್ದ ಇದ್ದಾಗ, ನಿನ್ನ ಮದುವೆಗೆ ಎಷ್ಟು ಕುರ್ಚಿ ಹಾಕಿದ್ದರು ದೊಡ್ಡಮ್ಮ ಅಂತ ಕೇಳಿದ್ದೆ. ಕೆಲಸ ಇಲ್ವಾ ನಿನಗೆ ಅಂತ ಗದರಿ ಓಡಿಸಿದೆ. ನನ್ನ ಕಡೆ ಒಂದೂ ಇರಲಿಲ್ಲ. ನಿನಗೆ ಯಾಕೆ ಇಲ್ಲದ ಗಲಾಟೆ ಅಂತ ನಿನ್ನ ದೊಡ್ಡಪ್ಪನೂ ಮೆತ್ತಗೇ ಹೇಳಿದ್ದರು. ಆಮೇಲೆ ಹನ್ನೊಂದು ವರ್ಷ ನಾನು ನಿನ್ನಮ್ಮನ ಮುಖ ನೋಡಲಿಲ್ಲ. ಅವಳು ಬೇರೆ ಊರಿನಲ್ಲಿರಲಿಲ್ಲ, ಎರಡು ಬೀದಿ ಆಚೆ ಇದ್ದಳು. ಅಕ್ಕನಿಗೆ ಜಂಬ ಬಂತು ಅಂದುಕೊಂಡಳು, ಈಗಲೂ ಹಾಗೇ ಅಂದುಕೊಂಡಿದ್ದಾಳೆ. ನಿನ್ನ ದೊಡ್ಡಪ್ಪ ತೀರಿಕೊಂಡ ಮೇಲೆ ನಾನು ಮೊದಲು ಕೊಂಡದ್ದು ಹನ್ನೆರಡು ಕುರ್ಚಿ. ಬಾಡಿಗೆಗೆ ಅಂತ ಅಲ್ಲ. ಯಾರಾದರೂ ಬಂದು ಕೂರಲಿ ಅಂತ.

ಗುರುವಾರ, ೧೪ನೇ ತಾರೀಖು. ಅಂಕಿ ಬರೆ.