ಭದ್ರಾವತಿಯ ನೊರೆಕಾಫಿ

ದುರ್ಗಿಗುಡಿ, ಶಿವಮೊಗ್ಗ
೧೧-೨-೧೯೬೫, ಗುರುವಾರ

ಆವಿಯ ಅರಸನೂ, ನೊರೆಯ ದೊರೆಯೂ, ಕಬ್ಬಿಣದ ಕಾರ್ಖಾನೆಯ ಮಾಜಿ ಫಿಟ್ಟರನೂ ಆದ ಅಲ್ಲಾಬಕ್ಷನಿಗೆ, ಕಾಫಿಪುಡಿ ಅಂಗಡಿ ಮುರುಗೇಶಪ್ಪನ ಸಲಾಮು, ಶರಣು, ಎರಡೂ.

ನಿನ್ನ ಕಾರ್ಡು ಬಂತು. ಇಟಲಿ ಮೆಷಿನ್ನು ಕೆಟ್ಟು ಕೂತಿದೆ, ಹಿಡಿ ಒತ್ತಿದರೆ ಕಾಫಿ ಬಟ್ಟಲಿಗೆ ಇಳಿಯುವ ಬದಲು ಗೋಡೆಗೆ ಹಾರುತ್ತದೆ ಎಂದು ಬರೆದಿದ್ದೀಯ. ಓದಿ ಎಂಥ ಸಂಕಟವಾಯಿತೆಂದರೆ, ತಡೆಯಲಾರದೆ ಎರಡು ಲೋಟ ಕಾಫಿ ಕುಡಿದು, ಮೈಸೂರುಪಾಕು ತರಿಸಿ ತಿಂದೆ.

ಕಬ್ಬಿಣದ ಊರಿನವನಿಗೆ ಕಾಫಿ ಕಬ್ಬಿಣದ ಕಡಲೆಯಾಗಬೇಕಿತ್ತು ಮಾರಾಯ. ನೀನು ಹುರಿಗಡಲೆ ಮಾಡಿಕೊಂಡೆ. ಕುಲುಮೆ ಜೋಡಿಸಲು ಬಂದಿದ್ದ ಆ ಇಟಲಿಯವನು ಊರಿಗೆ ಹೊರಟಾಗ ಎಲ್ಲರ ಕೈ ಕುಲುಕಿದ, ನಿನ್ನ ಕೈಗೆ ಮಾತ್ರ ಆ ಹಿತ್ತಾಳೆ ಪಿಶಾಚಿಯನ್ನು ಕೊಟ್ಟು ಹೋದ. ಅಲ್ಲಿಯವರೆಗೆ ಕಾಫಿ ಎಂದರೆ ಮುರುಗೇಶಪ್ಪನ ಜಗಲಿ. ಈಗ ಭಾನುವಾರ ಬಂದರೆ ಜಗಲಿಯ ಮೇಲೆ ನಾನು ಮತ್ತು ಬೀದಿಯ ಕುಂಟನಾಯಿ. ನಾಗಯ್ಯ, ಹಿರಿಯಣ್ಣ ಇಬ್ಬರೂ ನಿನ್ನ ಎಕ್ಸ್‌ಪ್ರೆಸ್ ಕಾಫಿ ಕುಡಿಯಲು ಭದ್ರಾವತಿಯ ಪ್ಯಾಸೆಂಜರ್ ರೈಲು ಹತ್ತಿರುತ್ತಾರೆ. ನಾಯಿಗೂ ಟಿಕೆಟ್ ಕೊಡುವ ಹಾಗಿದ್ದರೆ ಅದೂ ಹತ್ತುತ್ತಿತ್ತು.

ನಾಗಯ್ಯ ಬಂದವನು ಸುಮ್ಮನಿರುತ್ತಾನೆಯೇ? "ಬಟ್ಲು ಇಷ್ಟೇ ಇಷ್ಟು ಕಣಯ್ಯಾ, ಮಗೂಗೆ ಔಷಧಿ ಕುಡ್ಸೋ ಒಳಲೆ ಅಷ್ಟು. ಆದ್ರೆ ರೈಲು ತುಂಗೆ ಸೇತ್ವೆ ದಾಟೋವರ್ಗೂ ನಾಲ್ಗೆ ಮೇಲೆ ಕೂತಿರುತ್ತೆ" ಅಂದ. ಅಷ್ಟು ಹೊತ್ತು ಕೂರಲಿಕ್ಕೆ ಅದೇನು ಕಾಫಿಯೋ ನೆಂಟರೋ ಎಂದೆ. ಅವನು ನಗಲಿಲ್ಲ. ನನ್ನ ಮಾತಿಗೆ ನಾಗಯ್ಯ ನಗದಿದ್ದದ್ದು ಅದೇ ಮೊದಲು.

ಪುಡಿ ಯಾರದು ಹೇಳು? ಚಿಕೋರಿ ಹಾಕದೆ, ಬೀಜ ಇನ್ನೊಂದಿಷ್ಟು ಕಪ್ಪಗೆ ಹುರಿದು, ನನ್ನ ಗಿರಣಿಯಲ್ಲಿ ನಿನಗೋಸ್ಕರ ಬೇರೆಯಾಗಿ ನುಣ್ಣಗೆ ಬೀಸಿಕೊಟ್ಟವನು ಯಾರು? ನನ್ನಿಂದಲೇ ಪುಡಿ ಒಯ್ದು ನನ್ನ ಜಗಲಿಯನ್ನೇ ಪುಡಿ ಮಾಡಿದೆಯಲ್ಲೋ!

ಹೋದ ಭಾನುವಾರ ನಾನೇ ಬಂದು ನೋಡಿದೆನಲ್ಲ. ಪುಡಿಯನ್ನು ತಟ್ಟಿ, ಮರದ ಗುಂಡಿನಿಂದ ಅದುಮಿ, ಬಾಯ್ಲರಿಗೆ ಕಿವಿಗೊಟ್ಟು ನೀನು ನಿಂತದ್ದು ನೋಡಿದರೆ, ಯಾರೋ ಒಳಗಿನಿಂದ ಗುಟ್ಟು ಹೇಳುತ್ತಿದ್ದಾರೆ ಅನ್ನಿಸಬೇಕು. ಆಮೇಲೆ ಹಿಡಿ ಒತ್ತಿದೆ. ಮೊದಲು ಕಪ್ಪು ಎಳೆ, ಆಮೇಲೆ ಜೇನಿನ ಬಣ್ಣ, ಮೇಲೆ ಕಂದು ನೊರೆ. "ಬಣ್ಣ ಬಿಳಿಚ್ಕೊಂಡ ತಕ್ಷಣ ನಿಲ್ಲಿಸ್ಬೇಕು ಮುರುಗಾ. ಆಮೇಲೆ ಬರೋದು ಕಾಫಿ ಅಲ್ಲ, ಕಾಫಿಯ ಬೈಗುಳ" ಅಂದೆ. ನಮ್ಮನ್ನೆಲ್ಲ ಬಾಯಿ ಬಿಟ್ಟುಕೊಂಡು ಕೂರುವಂತೆ ಮಾಡಿ, ಮೊದಲ ಬಟ್ಟಲನ್ನು ನನ್ನ ಹೆಂಡತಿ ದಾಕ್ಷಾಯಣಿಯ ಕೈಗೆ ಕೊಟ್ಟೆ. ನನ್ನ ಸರದಿ ಬರುವಷ್ಟರಲ್ಲಿ ನನ್ನ ಹೊಟ್ಟೆಯ ಕಿಚ್ಚಿನ ಮೇಲೇ ಇನ್ನೊಂದು ಬಾಯ್ಲರ್ ಕಾಯಿಸಬಹುದಿತ್ತು.

ಒಂದು ತಪ್ಪು ಹೇಳುತ್ತೇನೆ, ಕೋಪಿಸಿಕೊಳ್ಳಬೇಡ. ಒಂದು ಬಟ್ಟಲು ಇಳಿಸಿದ ಪುಡಿಯನ್ನು ಎಸೆದು, ಮುಂದಿನವರಿಗೆ ಮತ್ತೆ ಹೊಸ ಪುಡಿ ತುಂಬುತ್ತೀಯಲ್ಲ, ಅದು ದುಂದು. ನಮ್ಮಲ್ಲಿ ಹಾಗಲ್ಲ. ಫಿಲ್ಟರಿಗೆ ನಾನೇ ನನ್ನ ಕೈಯಾರೆ ಬಿಸಿನೀರು ಬಿಡುತ್ತೇನೆ. ಮೊದಲ ಡಿಕಾಕ್ಷನ್ ಜಗಲಿಗೆ. ಅದೇ ಪುಡಿಗೆ ಮತ್ತೆ ನೀರು ಬಿಟ್ಟರೆ ಎರಡನೆಯ ಡಿಕಾಕ್ಷನ್, ಅದು ಒಳಮನೆಗೆ. ನಮ್ಮಪ್ಪನ ಕಾಲದಿಂದ ನಡೆದುಬಂದ ಪದ್ಧತಿ. ಒಂದು ಕಾಳೂ ಹಾಳಾಗುವುದಿಲ್ಲ.

ಇರಲಿ. ನಾಗಯ್ಯ ಹೋಗಲಿ, ನಾಯಿಯೂ ಹೋಗಲಿ. ನನ್ನನ್ನು ಕೊಂದದ್ದು ದಾಕ್ಷಾಯಣಿಯ ಮಾತು. ಇಷ್ಟು ವರ್ಷ ನಿಮ್ಮ ಮನೆಯಲ್ಲಿ ಬಾಳೆಹಣ್ಣು, ಎಳನೀರು ಬಿಟ್ಟು ಇನ್ನೊಂದನ್ನು ಮುಟ್ಟದವಳು, ಹೋದ ತಿಂಗಳು ನಿನ್ನ ಮಗಳು ಜಹಾನಾರಾಳ ಮಗು ನೋಡಲು ಬಂದು ನಿನ್ನ ಕಾಫಿ ಕುಡಿದಳು. ಮಾರನೆಯ ದಿನ ನಾನು ಕೊಟ್ಟ ಲೋಟ ಬಾಯಿಗಿಟ್ಟು, "ಯಾಕೋ ಇದು ಬರೀ ನೀರು ಅನ್ಸುತ್ತೆ ಕಣ್ರೀ" ಅಂದಳು. ನೀರು! ದುರ್ಗಿಗುಡಿಯ ಮುರುಗೇಶಪ್ಪನ ಕಾಫಿಯನ್ನು! ತಕ್ಷಣ ನನ್ನ ಲೋಟದಿಂದ ಒಂದು ಗುಟುಕು ಕುಡಿದು ನೋಡಿದೆ. ಚಮಚ ನಿಲ್ಲಿಸಿದರೆ ನಿಲ್ಲಬೇಕು, ಅಷ್ಟು ಗಟ್ಟಿ. ಅಂದಮೇಲೆ ಕೆಟ್ಟಿರುವುದು ಅವಳ ನಾಲಿಗೆ, ಕೆಡಿಸಿದವನು ನೀನು. ಅವತ್ತಿನಿಂದ ಭಾನುವಾರ ಬಂದರೆ ಬೆಳಗಾಗುವ ಮುಂಚೆ ಸೀರೆ ಬದಲಾಯಿಸಿ, ರೈಲಿನ ಹೊತ್ತು ಕೇಳುತ್ತಾಳೆ. ಮುದುಕ ಗಂಡನ ಎದುರಿಗೆ ಹೆಂಡತಿ ಇನ್ನೊಬ್ಬನ ಕಾಫಿ ಹೊಗಳಿದರೆ ಆಗುವ ಉರಿ ಯಾವ ಇಟಲಿಯವನಿಗೂ ಗೊತ್ತಿಲ್ಲ.

ಹೋದ ಭಾನುವಾರ ನಾವು ಹೊರಡುವಾಗ ನಾನೊಬ್ಬನೇ ನಿನ್ನ ಅಡುಗೆಮನೆಗೆ ಹೋಗಿದ್ದು ನಿಜ. ನೀರು ಕುಡಿಯಲು ಹೋಗಿದ್ದೆ. ನೀರು ಕುಡಿದೆ. ಬಂದೆ. ನಿನ್ನ ಮನೆಯಾಕೆ ಅಮೀನಾ ಬೀ ಕೇಳಿದರೆ ಇದನ್ನು ಓದಿ ಹೇಳು. ನಿನ್ನ ಕಾರ್ಡು ಬಂದ ಮೇಲೆ ಗಾಂಧಿಬಜಾರೆಲ್ಲ ಸುತ್ತಿ, ಪುಡಿ ತುಂಬುವ ಕಡೆ ಕೂರುವ ಆ ರಬ್ಬರ್ ಉಂಗುರದಂಥದ್ದು ಸಿಗುತ್ತದೇನೋ ಎಂದು ಅಂಗಡಿ ಅಂಗಡಿ ಕೇಳಿದೆ. ಇಡೀ ಶಿವಮೊಗ್ಗದಲ್ಲಿ ಇಲ್ಲ. ನಿನ್ನ ದುರದೃಷ್ಟ.

ಆದ್ದರಿಂದ ಈ ಭಾನುವಾರ ನೀನೂ ಅಮೀನಾ ಬೀಯೂ ನಮ್ಮಲ್ಲಿಗೇ ಬನ್ನಿ. ಎಲ್ಲರೂ ಜಗಲಿಯಲ್ಲಿ ಕೂರೋಣ. ನಾನು ಕಾಫಿ ಮಾಡುತ್ತೇನೆ, ಎಲ್ಲರ ಎದುರಿಗೆ ದಾಕ್ಷಾಯಣಿಯೇ ತೀರ್ಪು ಹೇಳಲಿ. ನೀನು ಒತ್ತಿದೆ, ನಾನು ಸೋಸುತ್ತೇನೆ. ಒತ್ತಾಯವಿಲ್ಲ, ಆದರೆ ಬರದಿದ್ದರೆ ಪುಡಿಯಿಲ್ಲ.

ನಿನ್ನ ಮೆಷಿನ್ನಿಗೋಸ್ಕರ ಕಣ್ಣೀರನ್ನೂ ಸೋಸಿಯೇ ಸುರಿಸುತ್ತಿರುವ,
ಮುರುಗೇಶಪ್ಪ

ಮತ್ತೆ: ಅಲ್ಲಾಬಕ್ಷಣ್ಣಾ, ಇದು ನಾನು, ದಾಕ್ಷಾಯಣಿ. ಕವರು ಅಂಟಿಸಿ ಡಬ್ಬಿಗೆ ಹಾಕು ಅಂತ ಕೊಟ್ಟು ಇವರು ಅಂಗಡಿಗೆ ಹೋದರು. ಓದಿದೆ. ನಿಮ್ಮ ಕಾರ್ಡನ್ನೂ ಓದಿದ್ದೆ, ಅದರಲ್ಲಿ ನೀವು ಉಂಗುರದ ಸುದ್ದಿಯೇ ಎತ್ತಿರಲಿಲ್ಲ. ಇವರ ಕರಿಕೋಟಿನ ಒಳಜೇಬು ನೋಡಿದೆ. ಹುರಿಗಡಲೆಯ ಜೊತೆ ಇತ್ತು. ತೊಳೆದು ಇದರೊಳಗೆ ಇಟ್ಟಿದ್ದೇನೆ.

ನಿಜ ಹೇಳಲೇ ಅಣ್ಣಾ? ನಿಮ್ಮ ಮೆಷಿನ್ ಕಾಫಿ ನನಗೆ ಕಹಿ. ಮೊದಲ ದಿನ ನುಂಗಲಿಕ್ಕೇ ಕಷ್ಟವಾಯಿತು. ಆದರೆ ಗಂಡಸರೆಲ್ಲ ಕಾಯುತ್ತಾ ಕೂತಿರುವಾಗ ನೀವು "ತಗಳವ್ವಾ, ಬಿಸೀದು" ಅಂತ ನನಗೇ ಮೊದಲು ಕೊಟ್ಟಿರಿ. ನನಗೋಸ್ಕರ ತುಂಬಿದ ಪುಡಿ, ನನಗೋಸ್ಕರ ಇಳಿಸಿದ ಬಟ್ಟಲು. ಮದುವೆಯಾಗಿ ಬಂದಾಗಿನಿಂದ ಈ ಮನೆಯಲ್ಲಿ ನನಗೆ ಎರಡನೆಯ ಡಿಕಾಕ್ಷನ್ನೇ. ಊರೆಲ್ಲ ಹೊಗಳುವ ಮುರುಗೇಶಪ್ಪನವರ ಕಾಫಿ ಹೇಗಿರುತ್ತದೆ ಅಂತ ನನಗೆ ಇವತ್ತಿಗೂ ಗೊತ್ತಿಲ್ಲ.

ನೀವು ಇಲ್ಲಿಗೆ ಬರಬೇಡಿ. ಉಂಗುರ ಹಾಕಿಡಿ, ಭಾನುವಾರ ನಾನೇ ಇವರನ್ನು ಎಳೆದುಕೊಂಡು ಬರುತ್ತೇನೆ. ಇವರಿಗೆ ಏನೂ ಹೇಳಬೇಡಿ. ನನ್ನ ಬಟ್ಟಲು ಇಳಿಸಿದ ಮೇಲೆ ಪುಡಿ ಎಸೆಯದೆ, ಅದರ ಮೇಲೇ ಇನ್ನೊಮ್ಮೆ ಹಿಡಿ ಒತ್ತಿ ಇವರಿಗೆ ಕೊಡಿ. ಪದ್ಧತಿ.